ಗಾಳಿ ತಿರುಗಿದಾಗ ರಿಬ್ಬನ್ ಹೇಗೆ ಕಟ್ಟಬೇಕು?

ಕೇಳಿದ್ದು: ಮದ್ದೂರು ಕಡೆ ನಮ್ಮದು ಎರಡು ಎಕರೆ ನಾಲೆ ಗದ್ದೆ. ಜುಲೈನಲ್ಲಿ ಒಟ್ಲು (ಸಸಿಮಡಿ) ಬಿಟ್ಟಾಗ ಪಾರಿವಾಳ ಹಿಂಡುಗಟ್ಟಿ ಬಂದು ಮೊಳಕೆ ಭತ್ತ ಹೆಕ್ಕಿದವು. ಮಿನುಗುವ ರಿಬ್ಬನ್ ಕಟ್ಟಿದೆ, ಎರಡೇ ದಿನಕ್ಕೆ ಗಾಳಿಗೆ ಹರಿದುಹೋಯಿತು. ಈಗ ತೆನೆ ಹಾಲು ತುಂಬುತ್ತಿದೆ, ಹೊಸ ರಿಬ್ಬನ್ ಕಟ್ಟಿದ್ದೇನೆ, ಗಾಳಿನೇ ಇಲ್ಲ. ರಿಬ್ಬನ್ ಕೆಳಗೇ ರಾಟವಾಳ, ಅದೇ ಗುಬ್ಬಿಯಂಥ ಸಣ್ಣ ಹಕ್ಕಿಗಳು, ಕೂತು ತಿನ್ನುತ್ತಿವೆ. ಏನು ಮಾಡಲಿ?

ಪಾಂಡವಪುರದಿಂದ: ಅಣ್ಣ, ಈ ಎರಡೂ ತಪ್ಪು ನಾನೂ ಮಾಡಿದ್ದೇನೆ. ಮುಂಗಾರಲ್ಲಿ ನಮ್ಮ ಕಡೆ ಗಾಳಿ ಪಡುವಲಿಂದ ಬೀಸುತ್ತೆ, ದೀಪಾವಳಿ ಹೊತ್ತಿಗೆ ಮೂಡಲಿಂದ ಶುರುವಾಗುತ್ತೆ, ನಡುವೆ ಒಂದಷ್ಟು ದಿನ ಯಾವ ಕಡೆಯಿಂದ ಅಂತಲೇ ಗೊತ್ತಾಗಲ್ಲ. ಒಟ್ಲಿಗೆ ಕಟ್ಟಿದ ಹಾಗೇ ತೆನೆಗೂ ಕಟ್ಟಿದರೆ ಕೆಲಸ ಆಗಲ್ಲ.

ಮೊದಲು ಹರಿಯೋದರ ವಿಷಯ. ನೀವು ಬಿಗಿಯಾಗಿ ಎಳೆದು ಕಟ್ಟಿರುತ್ತೀರ, ಅಲ್ವಾ? ಗಂಟಿನ ಹತ್ತಿರ ನೋಡಿ, ಹರಿದಿರೋದು ಅಲ್ಲೇ. ಗೂಟಕ್ಕೆ ಸುತ್ತುವ ಕಡೆ ಹಳೇ ಬಟ್ಟೆ ಒಂದು ಪಟ್ಟಿ ಸುತ್ತಿ, ಅದರ ಮೇಲೆ ರಿಬ್ಬನ್ ಕಟ್ಟಿ. ಕಟ್ಟುವ ಮುಂಚೆ ಮೂರು ನಾಲ್ಕು ಸಲ ತಿರುಚಿ, ಆಗಲೇ ಕೆಂಪು ಬದಿ ಬೆಳ್ಳಿ ಬದಿ ಎರಡೂ ಮಿನುಗೋದು, ಗುಂಯ್ ಅನ್ನೋದು. ಸ್ವಲ್ಪ ಜೋಲು ಬಿಡಿ. ಗಾಳಿ ಬರುವ ದಿಕ್ಕಿಗೇ ನೇರವಾಗಿ ಎಳೆದರೆ ಅಲುಗಾಡೋದೇ ಇಲ್ಲ, ಪೂರ್ತಿ ಅಡ್ಡ ಕಟ್ಟಿದರೆ ಹೊಡೆತ ಜಾಸ್ತಿ. ಓರೆಯಾಗಿ ಕಟ್ಟಿದ್ದು ನನಗೆ ಹೆಚ್ಚು ದಿನ ಉಳಿಯಿತು.

ಇನ್ನು ಬೆರ್ಚಪ್ಪ. ಒಂದು ವರ್ಷ ಅಪ್ಪನ ಹಳೇ ಅಂಗಿ ತೊಡಿಸಿ ಪಡುವಲ ಬದುವಿನಲ್ಲಿ ನಿಲ್ಲಿಸಿದ್ದೆ. ಬೆಳಿಗ್ಗೆ ನೋಡಿದರೆ ಪಾರಿವಾಳಗಳು ಒಂದು ಸುತ್ತು ಹೊಡೆದು ಮೂಡಲ ಕಡೆಯಿಂದ ತಗ್ಗಿಗೆ ಬಂದು, ಗಾಳಿಗೆ ಎದೆ ಕೊಟ್ಟು, ರೆಕ್ಕೆ ಅಗಲಿಸಿ ನಿಧಾನಕ್ಕೆ ಇಳಿಯುತ್ತಿವೆ, ಬೆರ್ಚಪ್ಪ ಇನ್ನೂ ಎಷ್ಟೋ ದೂರ! ಆಮೇಲೆ ಅರ್ಥವಾಯಿತು, ಗಾಳಿ ಜೋರಿದ್ದಾಗ ಅವು ಎದುರುಗಾಳಿಗೇ ಇಳಿಯೋದು. ಹಾಗಾಗಿ ಮುಂಗಾರಲ್ಲಿ ಬೊಂಬೆ, ಹೆಚ್ಚು ರಿಬ್ಬನ್ ಮೂಡಲ ಬದುವಿಗೆ, ಅವು ಇಳಿಯುವ ಜಾಗಕ್ಕೆ. ಗಾಳಿ ತಿರುಗಿದ ಮೇಲೆ ಪಡುವಲಕ್ಕೆ ಕಿತ್ತು ನೆಡಬೇಕು. ಅರ್ಧ ಗಂಟೆ ಕೆಲಸ.

ಆದರೆ ನಿಮ್ಮ ಈಗಿನ ತೊಂದರೆ ಬೇರೆ. ರಾಟವಾಳ ಮುಖ್ಯವಾಗಿ ಬರೋದು ಬೆಳಿಗ್ಗೆ ಆರರಿಂದ ಎಂಟು, ಮತ್ತೆ ಸಂಜೆ. ಆ ಹೊತ್ತಲ್ಲೇ ಗಾಳಿ ಬಿದ್ದಿರುತ್ತೆ. ಗಾಳಿ ಇಲ್ಲದೆ ಯಾವ ರಿಬ್ಬನ್ನೂ ಕೂಗಲ್ಲ, ಅಂಗಡಿಯವನು ಏನೇ ಹೇಳಲಿ. ನಮ್ಮ ಅಮ್ಮ ಹಳೇ ಎಣ್ಣೆ ಡಬ್ಬಗಳಿಗೆ ಕಲ್ಲು ಹಾಕಿ, ಬಿದಿರಿಗೆ ನೇತುಹಾಕಿ, ಎಲ್ಲಕ್ಕೂ ಒಂದೇ ಹಗ್ಗ ಕಟ್ಟಿ ಬದುವಿನಲ್ಲಿ ಕೂತು ಎಳೆಯುತ್ತಿದ್ದರು. ಈಗ ನಾನೂ ಅದನ್ನೇ ಮಾಡೋದು. ಹಾಲುಗಾಳು ಗಟ್ಟಿಯಾಗುವ ತನಕ ಬೆಳಿಗ್ಗೆ ಸಂಜೆ ಯಾರಾದರೂ ಇರಲೇಬೇಕು.

ಟಿ. ನರಸೀಪುರದಿಂದ: ಮೇಲಿನವರು ಹೇಳಿದ್ದು ಸರಿ. ಒಂದು ಸೇರಿಸುತ್ತೇನೆ, ಮನೆಯಲ್ಲಿ ಹಳೇ ಕ್ಯಾಸೆಟ್ ಇದ್ದರೆ ಅದರ ಟೇಪ್ ಎಳೆದು ಕಟ್ಟಿ, ಸಣ್ಣ ಗಾಳಿಗೂ ಸದ್ದು ಮಾಡುತ್ತೆ. ತೆನೆಗಿಂತ ಒಂದು ಗೇಣು ಮೇಲಿದ್ದರೆ ಸಾಕು, ಎತ್ತರಕ್ಕೆ ಕಟ್ಟಿದರೆ ರಾಟವಾಳ ಅಡಿಯಲ್ಲೇ ನುಗ್ಗುತ್ತವೆ. ಸಾಲಿಂದ ಸಾಲಿಗೆ ಒಂದು ಮಾರಿಗಿಂತ ಜಾಸ್ತಿ ಬಿಡಬೇಡಿ. ವಾರ ಹತ್ತು ದಿನಕ್ಕೆ ಜಾಗ ಬದಲಿಸಿ, ಇಲ್ಲದಿದ್ದರೆ ಅದರ ಮೇಲೇ ಕೂರುತ್ತವೆ. ನೈಲಾನ್ ದಾರ, ಗಾಳಿಪಟದ ಮಾಂಜಾ ಮಾತ್ರ ಬೇಡ, ನಮ್ಮಲ್ಲಿ ಒಂದು ಗೂಬೆ ಸಿಕ್ಕಿಕೊಂಡು ರಾತ್ರಿಯೆಲ್ಲ ಒದ್ದಾಡಿತ್ತು. ಏರ್‌ಗನ್ ತರೋಣ ಅನ್ನೋ ಹುಡುಗರೂ ಸಿಗುತ್ತಾರೆ, ಕಿವಿಗೆ ಹಾಕಿಕೊಳ್ಳಬೇಡಿ. ಗಿಳಿ, ನವಿಲಿಗೆಲ್ಲ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ.

ಕೇಳಿದವರು: ತುಂಬಾ ಉಪಕಾರ ಆಯಿತು. ನಾಳೆ ಬೆಳಿಗ್ಗೆನೇ ಡಬ್ಬ ಕಟ್ಟುತ್ತೇನೆ. ರಿಬ್ಬನ್ ಕೊಯ್ಲಿನ ತನಕ ಬಿಡಬಹುದಾ?

ಪಾಂಡವಪುರದಿಂದ: ಬಿಡಿ, ಆದರೆ ಕೊಯ್ಲಿನ ಹಿಂದಿನ ದಿನ ಪೂರ್ತಿ ಸುತ್ತಿ ಎತ್ತಿಡಿ. ತುಂಡುಗಳು ಹುಲ್ಲಿನ ಜೊತೆ ಮೆದೆಗೆ ಹೋದರೆ ಹಸುಗಳ ಹೊಟ್ಟೆ ಸೇರುತ್ತವೆ.