ಹಳೆಯ ಚಿತ್ರದ ಆಂಬುಲೆನ್ಸ್, ನಡುವೆ ಬರುವ ಸುದ್ದಿ ದೃಶ್ಯ: ಗುರುತು ಹಿಡಿಯುವುದು ಹೇಗೆ?

ಯಾದಗಿರಿಯಿಂದ, ಪ್ರಶ್ನೆ ಕೇಳಿದವಳು

ನಮ್ಮ ಅಪ್ಪ ಸರ್ಕಾರಿ ಆಸ್ಪತ್ರೆಯಲ್ಲಿ ಆಂಬುಲೆನ್ಸ್ ಚಾಲಕರಾಗಿದ್ದು ನಿವೃತ್ತರಾದವರು. ಕಳೆದ ವಾರ ಹಳೆಯ ಕನ್ನಡ ಚಿತ್ರವೊಂದನ್ನು ನೋಡುತ್ತಿದ್ದಾಗ ಆಸ್ಪತ್ರೆಯ ಗೇಟಿನೊಳಗೆ ಬಿಳಿ ವ್ಯಾನ್ ನುಗ್ಗಿತು. ‘ಇದು ನಾನು ಓಡಿಸಿದ ಮ್ಯಾಟಡಾರ್!’ ಎಂದು ಅಪ್ಪ ಎದ್ದೇ ನಿಂತರು. ಆದರೆ ಚಾಲಕ ಎಡಗಡೆ ಕುಳಿತಿದ್ದಾನೆ. ಹೊರದೇಶದ ಗಾಡಿ ಇರಬೇಕು ಎನ್ನುತ್ತಾನೆ ತಮ್ಮ. ಅದರ ಬೆನ್ನಿಗೇ ಪ್ರವಾಹದ ಸುದ್ದಿ ದೃಶ್ಯ ಬರುತ್ತದೆ, ಅದರ ಬಣ್ಣವೇ ಬೇರೆ. ಗಾಡಿ ಯಾವುದು, ಸುದ್ದಿ ತುಣುಕು ನಿಜವಾದದ್ದೇ ಎಂದು ತಿಳಿಯುವುದು ಹೇಗೆ? ಆ ವ್ಯಾನಿನ ಚಿತ್ರವನ್ನು ದೊಡ್ಡದಾಗಿ ಮುದ್ರಿಸಿ ಅಪ್ಪನ ಕೋಣೆಯಲ್ಲಿ ಹಾಕಬೇಕೆಂದಿದ್ದೇನೆ. ತಪ್ಪು ಗಾಡಿಯನ್ನು ಅವರ ಕಣ್ಣೆದುರು ತೂಗುಹಾಕಲು ನನಗೆ ಮನಸ್ಸಿಲ್ಲ.

ಕಲಬುರಗಿಯಿಂದ, ಗಾಡಿಗಳಿಗೆ ಅಕ್ಷರ ಬರೆಯುವವನು

ತಂಗಿ, ಮೊದಲು ಗಾಡಿಯ ಹಣೆಯ ಮೇಲಿನ ಅಕ್ಷರ ನೋಡು. ನಾನು ಹತ್ತಾರು ಆಂಬುಲೆನ್ಸುಗಳಿಗೆ ಹೆಸರು ಬರೆದಿದ್ದೇನೆ. ಮುಂದೆ ಹೋಗುವವನು ತನ್ನ ಕನ್ನಡಿಯಲ್ಲಿ ನೆಟ್ಟಗೆ ಓದಿ ದಾರಿ ಬಿಡಲಿ ಎಂದು ಮುಂಭಾಗದಲ್ಲಿ ಇಂಗ್ಲಿಷ್ ಅಕ್ಷರಗಳನ್ನು ತಿರುವುಮುರುವಾಗಿ ಬರೆಯುತ್ತೇವೆ. ಕೈಯಿಂದ ನೇರ ಬರೆದರೆ ತಪ್ಪುತ್ತದೆ. ಕಾಗದದ ಮೇಲೆ ಸರಿಯಾಗಿ ಬರೆದು, ಅಂಚಿನುದ್ದಕ್ಕೂ ಸೂಜಿಯಿಂದ ಚುಚ್ಚಿ, ಕಾಗದವನ್ನು ಮಗುಚಿ ತಗಡಿಗೆ ಅಂಟಿಸಿ ಬಣ್ಣದ ಪುಡಿ ತಟ್ಟುತ್ತಿದ್ದೆವು. ಚುಕ್ಕಿಗಳು ಮೂಡಿದ ಮೇಲೆ ಕುಂಚ.

ಈಗ ನಿನ್ನ ಚಿತ್ರದಲ್ಲಿ ಆ ಅಕ್ಷರ ನೆಟ್ಟಗೆ ಓದಲು ಬಂದರೆ, ಚಾಲಕನೂ ಎಡಗಡೆ ಇದ್ದರೆ, ಗಾಡಿ ಹೊರದೇಶದ್ದಲ್ಲ, ದೃಶ್ಯವನ್ನೇ ಮಗುಚಿದ್ದಾರೆ. ಒಂದು ದೃಶ್ಯದಲ್ಲಿ ಎಡದಿಂದ ಬಲಕ್ಕೆ ಓಡಿದ ಗಾಡಿ ಮುಂದಿನದರಲ್ಲಿ ಬಲದಿಂದ ಎಡಕ್ಕೆ ಬಂದರೆ ಹಿಂದಿರುಗಿದಂತೆ ಕಾಣುತ್ತದೆ. ಅದಕ್ಕೆ ಸಂಕಲನಕಾರರು ಮಗುಚುವುದುಂಟು. ಆದರೆ ಕೆಲವು ಗಾಡಿಗಳ ಮೇಲೆ ನೇರವಾಗಿಯೇ ಬರೆದಿರುತ್ತಾರೆ, ಆದ್ದರಿಂದ ಅದೊಂದನ್ನೇ ನಂಬಬೇಡ. ಗೇಟಿನ ಬಳಿ ನಿಂತ ಗಂಡಸರ ಅಂಗಿಯ ಜೇಬು ಬಲ ಎದೆಗೆ ಬಂದಿದೆಯೇ? ಹೆಂಗಸರ ಸೆರಗು ಬಲ ಹೆಗಲಿಗೆ ಹೋಗಿದೆಯೇ? ಮೂರೂ ಹೊಂದಿದರೆ ಅನುಮಾನ ಬೇಡ. ತಮ್ಮನ ಮಾತಿಗೂ ಒಂದು ಆಧಾರವಿದೆ: ಬಜಾಜ್ ಟೆಂಪೊ ಕಂಪನಿಯ ಮ್ಯಾಟಡಾರ್ ಮೂಲದಲ್ಲಿ ಜರ್ಮನಿಯ ವಿನ್ಯಾಸ. ಆ ಕಂಪನಿಯ ಇಂದಿನ ಹೆಸರು ಫೋರ್ಸ್ ಮೋಟಾರ್ಸ್.

ನಂಬರ್ ಪ್ಲೇಟ್ ಕಂಡರೆ ಅರ್ಧ ಕೆಲಸ ಮುಗಿದಂತೆ. ಕೆಎ 32 ಕಲಬುರಗಿ, 33 ಯಾದಗಿರಿ, 38 ಬೀದರ್. ನಡುವೆ ‘ಜಿ’ ಇದ್ದರೆ ಸರ್ಕಾರಿ ಗಾಡಿ, ‘ಎಫ್’ ಇದ್ದರೆ ಸಾರಿಗೆ ಸಂಸ್ಥೆಯ ಬಸ್. ಚಿತ್ರದ ಪೊಲೀಸ್ ಜೀಪಿಗೆ ಹಳದಿ ಪ್ಲೇಟ್ ಕಂಡರೆ ಅದು ಚಿತ್ರೀಕರಣಕ್ಕೆ ಬಾಡಿಗೆಗೆ ತಂದ ಗಾಡಿ ಎಂದೇ ನನ್ನ ಎಣಿಕೆ.

ವಯಸ್ಸು ತಿಳಿಯಬೇಕಾದರೆ ದೃಶ್ಯದಲ್ಲಿರುವ ಅತಿ ಹೊಸ ವಸ್ತುವನ್ನು ಹುಡುಕು. ನಮ್ಮ ರಾಜ್ಯದಲ್ಲಿ 108 ಸೇವೆ ಆರಂಭವಾದದ್ದು 2008ರ ನವೆಂಬರ್ 1ರಂದು. ಆ ಅಂಕಿ ಕಂಡರೆ ದೃಶ್ಯ ಅದಕ್ಕಿಂತ ಹಳೆಯದಲ್ಲ. ಅಧಿಕಾರಿಯ ಕಾರಿನ ಮೇಲೆ ಕೆಂಪು ದೀಪವಿದ್ದರೆ 2017ರ ಮೇ 1ಕ್ಕೆ ಮುಂಚಿನದಿರಬೇಕು, ಅಂದಿನಿಂದ ಅವನ್ನು ತೆಗೆಸಿದರು. ಹಿನ್ನೆಲೆಯ ಬಸ್ಸನ್ನೂ ಬಿಡಬೇಡ: ‘ಈಶಾನ್ಯ ಕರ್ನಾಟಕ’ ಎಂದಿದ್ದರೆ ಅದು 2000ದ ನಂತರದ್ದು, ‘ಕಲ್ಯಾಣ ಕರ್ನಾಟಕ’ ಎಂದಿದ್ದರೆ ತೀರ ಈಚಿನದು.

ಕಲಬುರಗಿಯಿಂದಲೇ, ಅಗ್ನಿಶಾಮಕ ಸೇವೆಯಲ್ಲಿದ್ದವರು

ಅಗ್ನಿಶಾಮಕ ವಾಹನ ಬಂದರೆ ಹಿಂಭಾಗ ನೋಡಿ ಮೋಸ ಹೋಗಬೇಡಿ. ಷಾಸಿ, ಅಂದರೆ ಗಾಡಿಯ ಅಡಿಗಟ್ಟು, ಟಾಟಾ ಅಥವಾ ಲೇಲ್ಯಾಂಡ್ ಕಂಪನಿಯದು, ನೀರಿನ ತೊಟ್ಟಿ ಮತ್ತು ಮೈ ಕಟ್ಟುವವರು ಬೇರೆ. ಒಂದೇ ವರ್ಷದ ಎರಡು ಗಾಡಿಗಳು ಹಿಂದಿನಿಂದ ಅಣ್ಣತಮ್ಮಂದಿರಂತೆಯೂ ಕಾಣುವುದಿಲ್ಲ. ಮುಖವನ್ನೇ ನೋಡಬೇಕು. ಟಾಟಾ ಗಾಡಿಯ ಮೂತಿಯ ಮೇಲೆ ಬೆಂಜ್ ನಕ್ಷತ್ರವಿದ್ದರೆ ಅದು ಆ ಎರಡು ಕಂಪನಿಗಳು ಜೊತೆಗಿದ್ದ ಕಾಲದ್ದು, ಅಂದರೆ 1954ರಿಂದ 1969ರೊಳಗಿನದು. ಅಂತಹ ಮೂತಿ ಪರದೆಯ ಮೇಲೆ ಕಂಡಾಗ ಇಂದಿಗೂ ನನ್ನ ಕೈ ತಾನಾಗಿ ಗಂಟೆಯ ಹಗ್ಗ ಹುಡುಕುತ್ತದೆ.

ಹುಮನಾಬಾದಿನಿಂದ, ಇತಿಹಾಸದ ಮೇಷ್ಟ್ರು

ಅಕ್ಕಾ, ಸುದ್ದಿ ತುಣುಕಿನ ಬಗ್ಗೆ ನಾನು ಹೇಳುತ್ತೇನೆ. 1948ರ ಸೆಪ್ಟೆಂಬರಿನಲ್ಲಿ ನಿಜಾಮನ ಆಳ್ವಿಕೆ ಕೊನೆಗೊಳಿಸಲು ಸೊಲ್ಲಾಪುರದ ಕಡೆಯಿಂದ ಬಂದ ಭಾರತದ ಸೇನೆ ನಮ್ಮೂರ ಹಾದಿಯಲ್ಲೇ ಹೈದರಾಬಾದಿಗೆ ಸಾಗಿತು. ಪ್ರತಿ ವರ್ಷ ವಿಮೋಚನೆಯ ದಿನವಾದ ಸೆಪ್ಟೆಂಬರ್ 17ಕ್ಕೆ ಆ ಕಾಲದ್ದೆಂದು ಒಂದಲ್ಲ ಒಂದು ತುಣುಕು ಮೊಬೈಲಿಗೆ ಬರುತ್ತದೆ. ಒಮ್ಮೆ ನಾನೂ ಒಂದನ್ನು ಮಕ್ಕಳಿಗೆ ತೋರಿಸಲು ಸಿದ್ಧಪಡಿಸಿಕೊಂಡಿದ್ದೆ. ಹಿಂದಿನ ರಾತ್ರಿ ನಿಧಾನವಾಗಿ ಓಡಿಸಿ ನೋಡಿದಾಗ ಮೂಲೆಯಲ್ಲಿ ಅಂಬಾಸಿಡರ್ ಕಾರು! 1957ಕ್ಕೆ ಮೊದಲು ಆ ಕಾರೇ ಇರಲಿಲ್ಲ. ಮಕ್ಕಳ ಮುಂದೆ ಸುಳ್ಳನ್ನು ಇತಿಹಾಸವೆಂದು ಹೇಳುವುದು ಸ್ವಲ್ಪದರಲ್ಲಿ ತಪ್ಪಿತು. ಅಂದಿನಿಂದ ಎರಡು ಸಲ ನೋಡದೆ ಯಾವುದನ್ನೂ ತೋರಿಸುವುದಿಲ್ಲ.

ನಿಮ್ಮ ತುಣುಕನ್ನು ನಿಲ್ಲಿಸಿ, ಹರಿಯುವ ನೀರು ಅಥವಾ ಓಡುವ ಜನರ ಅಂಚು ನೋಡಿ. ಬಾಚಣಿಗೆಯ ಹಲ್ಲಿನಂತೆ ಗೆರೆ ಕಂಡರೆ ಅದು ವಿಡಿಯೊದಲ್ಲಿ ತೆಗೆದ ಟಿವಿ ದೃಶ್ಯ. ಇಡೀ ಚಿತ್ರದಲ್ಲಿ ಹಾಗೆ ಕಂಡರೆ ಮಾತ್ರ ಅದು ನಕಲು ಮಾಡಿದವರ ದೋಷ. ಬಣ್ಣದ ಪ್ರಸಾರ ನಮ್ಮ ದೇಶಕ್ಕೆ ಬಂದದ್ದು 1982ರಲ್ಲಿ. ಕಲಬುರಗಿಗೆ ದೂರದರ್ಶನ 1977ರಲ್ಲೇ, ಬೆಂಗಳೂರಿಗಿಂತ ಮೊದಲು, ಬಂದಿತ್ತಾದರೂ ಆಗ ಕಪ್ಪು ಬಿಳುಪು. ಜನರ ತಲೆ, ಕಾಲು ಕತ್ತರಿಸಿದಂತಿದ್ದರೆ ಚೌಕದ ದೃಶ್ಯವನ್ನು ಅಗಲ ಪರದೆಗೆ ಹಿಗ್ಗಿಸಿದ್ದಾರೆ. ಚಿತ್ರತಂಡವೇ ತಯಾರಿಸಿ ಹಳೆಯದೆಂದು ತೋರಿಸಿದ್ದರೆ ಗೀರುಗಳು, ಧೂಳಿನ ಚುಕ್ಕಿಗಳು ಕೆಲವು ಕ್ಷಣಗಳಿಗೊಮ್ಮೆ ಅದೇ ಜಾಗದಲ್ಲಿ ಮರಳಿ ಬರುವುದುಂಟು.

ಕೇಂದ್ರ ಸರ್ಕಾರದ ಚಿತ್ರ ಸಂಸ್ಥೆಯಾದ ಫಿಲಂಸ್ ಡಿವಿಷನ್ 1948ರಲ್ಲಿ ಆರಂಭವಾದದ್ದು. ಅದರ ಸುದ್ದಿ ಚಿತ್ರಗಳನ್ನು ಚಿತ್ರಮಂದಿರಗಳಲ್ಲಿ ಸಿನಿಮಾಕ್ಕೆ ಮುನ್ನ ತೋರಿಸುತ್ತಿದ್ದರು. ಬ್ರಿಟನ್ನಿನ ಹಳೆಯ ಸುದ್ದಿ ಚಿತ್ರ ಸಂಸ್ಥೆ ಬ್ರಿಟಿಷ್ ಪಾಥೆ ತನ್ನ 85,000 ಹಳೆಯ ತುಣುಕುಗಳನ್ನು 2014ರಲ್ಲಿ ಯೂಟ್ಯೂಬಿಗೆ ಹಾಕಿತು, ಅಲ್ಲಿ ಊರ ಹೆಸರನ್ನು ಹಳೆಯ ಕಾಗುಣಿತದಲ್ಲಿ ಹುಡುಕಿ: ಗುಲ್ಬರ್ಗಾ, ಹೋಮ್ನಾಬಾದ್. ಎಲ್ಲಕ್ಕಿಂತ ಮೊದಲು ಚಿತ್ರದ ಆರಂಭದ ಕೃತಜ್ಞತೆಯ ಫಲಕವನ್ನು ನಿಲ್ಲಿಸಿ ಓದಿ. ಯಾರಿಂದ ಪಡೆದದ್ದು ಎಂಬುದು ಎಷ್ಟೋ ಸಲ ಅಲ್ಲೇ ಇರುತ್ತದೆ.

ಯಾದಗಿರಿಯಿಂದ, ಮತ್ತೆ

ಎಲ್ಲರಿಗೂ ಕೈ ಮುಗಿಯುತ್ತೇನೆ. ಅಕ್ಷರ ನೆಟ್ಟಗಿತ್ತು, ಗೇಟಿನ ಬಳಿಯ ಕಾವಲುಗಾರನ ಜೇಬು ಬಲ ಎದೆಯಲ್ಲಿತ್ತು. ಚಿತ್ರವನ್ನು ಮೊಬೈಲಿನಲ್ಲೇ ಮಗುಚಿದೆ, ಸ್ಟೀರಿಂಗ್ ಬಲಕ್ಕೆ ಬಂತು. ಅಪ್ಪ ಕನ್ನಡಕ ಒರೆಸಿಕೊಂಡು ಬಹಳ ಹೊತ್ತು ನೋಡಿ, ತಮ್ಮನನ್ನು ಕರೆದು ಬಾಗಿಲಿನ ಹಿಡಿಕೆ, ಹಿಂದಿನ ಕಿಟಕಿ ಒಂದೊಂದನ್ನೇ ತೋರಿಸಿದರು. ಮುದ್ರಿಸಲು ಕೊಟ್ಟಿದ್ದೇನೆ. ಬಾಚಣಿಗೆಯ ಹಲ್ಲು ಪ್ರವಾಹದ ತುಣುಕಿನಲ್ಲಿ ಮಾತ್ರ ಇವೆ. ಕೃತಜ್ಞತೆಯ ಫಲಕ ನಮ್ಮ ಪ್ರತಿಯಲ್ಲಿ ಅರ್ಧಕ್ಕೇ ಕತ್ತರಿಸಿಹೋಗಿದೆ, ಪೂರ್ತಿ ಪ್ರತಿ ಸಿಕ್ಕ ಕೂಡಲೇ ಇಲ್ಲಿ ತಿಳಿಸುತ್ತೇನೆ.