ಅತ್ತೆಯ ಕಿವಿಗೆ ‘ಸಾವಿನ’ ಹಬ್ಬ: ಮಕ್ಕಳನ್ನು ಕಳಿಸೋದಾ, ಬೇಡವಾ?

ಮೊನ್ನೆ ಇಲ್ಲಿನ ಕನ್ನಡಿಗರ ಗುಂಪಿನಲ್ಲಿ ಒಬ್ಬರು ಕೇಳಿದ್ದರು: “ಐರ್ಲೆಂಡಿಗೆ ಬಂದು ಎಂಟು ತಿಂಗಳಾಯ್ತು. ಮಗಳು ಜೂನಿಯರ್ ಇನ್‌ಫೆಂಟ್ಸ್ (ಇಲ್ಲಿನ ಪ್ರೈಮರಿ ಶಾಲೆಯ ಮೊದಲ ವರ್ಷ). ಹ್ಯಾಲೋವೀನ್‌ಗೆ ಮಾಟಗಾತಿ ವೇಷ ಬೇಕು ಅಂತ ಹಟ. ಊರಲ್ಲಿ ಅತ್ತೆ-ಮಾವ ಬೇಡವೇ ಬೇಡ ಅಂತಿದ್ದಾರೆ. ನೀವೆಲ್ಲ ಏನ್ ಮಾಡ್ತೀರಾ?” ಎರಡು ಸಾಲು ಉತ್ತರ ಬರೆಯೋಣ ಅಂತ ಕೂತೆ, ಉದ್ದ ಆಗಿಹೋಯ್ತು. ಪುರುಸೊತ್ತಲ್ಲಿ ಓದಿ.

ನಾವು ಮೀಥ್ ಕೌಂಟಿಯಲ್ಲಿದ್ದೇವೆ, ಇದು ಒಂಬತ್ತನೇ ವರ್ಷ. ಮೊದಲ ವರ್ಷದ ಕಥೆ ಕೇಳಿದರೆ ನಗ್ತೀರಿ. ಅಕ್ಟೋಬರ್ 31, ಹ್ಯಾಲೋವೀನ್, ಅಂದರೆ ಮಕ್ಕಳು ದೆವ್ವದ ವೇಷ ಹಾಕ್ಕೊಂಡು ಮನೆಮನೆಗೆ ತಿಂಡಿ ಕೇಳಿಕೊಂಡು ಬರೋ ರಾತ್ರಿ. ಸಂಜೆ ಐದೂವರೆ, ಹೊರಗೆ ಆಗಲೇ ಕತ್ತಲು. ಬೆಲ್ ಆಯ್ತು. ಬಾಗಿಲು ತೆಗೆದರೆ ನಾಲ್ಕು ಮಕ್ಕಳು, ಒಬ್ಬನ ತಲೆಯಲ್ಲಿ ಕೊಡಲಿ ನೆಟ್ಟಿದೆ. ಮನೆಯಲ್ಲಿ ಒಂದು ಚಾಕೊಲೇಟೂ ಇಲ್ಲ. ನಮ್ಮ ಮನೆಯವರು ಗಾಬರಿಯಲ್ಲಿ ಪಾರ್ಲೆ-ಜಿ ಪ್ಯಾಕೆಟ್‌ಗಳನ್ನು ತಂದು ಹಂಚಿದರು. ಅದೂ ಮುಗಿದ ಮೇಲೆ ಲೈಟ್ ಆರಿಸಿ, ಮಗಳ ಬಾಯಿ ಮುಚ್ಚಿ, ಸೋಫಾ ಹಿಂದೆ ಕೂತೆವು. ನನಗೆ ‘ನಾಳೆ ಬಾ’ ನೆನಪಾಯ್ತು. 90ರ ದಶಕದಲ್ಲಿ ರಾತ್ರಿ ದೆವ್ವ ಬಂದು ಬಾಗಿಲು ಬಡಿಯುತ್ತೆ ಅಂತ ಊರೂರಲ್ಲಿ ಬಾಗಿಲ ಮೇಲೆ ಬರೆದಿದ್ದರಲ್ಲ, ಅದು. ಇಲ್ಲೂ ಬರೆಯಬಹುದಿತ್ತು, ಆದರೆ ಇಲ್ಲಿನ ದೆವ್ವಗಳಿಗೆ ಕನ್ನಡ ಓದೋಕೆ ಬರಲ್ಲ.

ಮಾರನೇ ದಿನ ಪಕ್ಕದ ಮನೆ ಅಜ್ಜಿ ಬಂದರು, ಕೈಯಲ್ಲಿ ಬಟ್ಟೆ ಸುತ್ತಿದ ಬ್ರೆಡ್ಡಿನಂಥದ್ದೇನೋ. “ದೀಪ ಆರಿತ್ತು, ಹುಷಾರಿಲ್ವೇನೋ ಅಂತ ನೋಡೋಕೆ ಬಂದೆ” ಅಂದರು. ನಾಚಿಕೆಯಾಗಿ, ಇದ್ದದ್ದು ಇದ್ದ ಹಾಗೆ ಹೇಳಿದೆ. ಅಜ್ಜಿ ನಕ್ಕಿದ್ದೇ ನಕ್ಕಿದ್ದು. ಆಮೇಲೆ ಟೀ ಕುಡೀತಾ, “ಇದು ಅಮೆರಿಕದ ಹಬ್ಬ ಅಂದ್ಕೊಂಡಿದ್ದೀಯಾ? ಅವರಿಗೆ ಕೊಟ್ಟಿದ್ದೇ ನಾವು” ಅಂದರು. ಅಲ್ಲಿವರೆಗೆ ನಾನೂ ಇದು ಸೂಪರ್‌ಮಾರ್ಕೆಟ್‌ನವರು ಪ್ಲಾಸ್ಟಿಕ್ ಮಾರೋಕೆ ಮಾಡಿಕೊಂಡ ಹಬ್ಬ ಅಂತಲೇ ತಿಳಿದಿದ್ದೆ. ಅರ್ಧ ನಿಜವೂ ಹೌದು, ಬಿಡಿ.

ಇಲ್ಲಿಯವರ ಭಾಷೆಯಲ್ಲಿ ಈ ರಾತ್ರಿಯ ಹೆಸರು ‘ಈಹ ಹೌನ’, ಸಾವಿನ್ ಹಬ್ಬದ ರಾತ್ರಿ. ನವೆಂಬರ್ ತಿಂಗಳಿಗೂ ಐರಿಷ್‌ನಲ್ಲಿ ಅದೇ ಹೆಸರು. ಬರೆಯುವುದು ಹೇಗೋ ಇರಲಿ, ಬಾಯಲ್ಲಿ ಅದು ‘ಸೌ-ಇನ್’, ‘ಸಾವಿನ್’ ಅಂತಲೇ ಬರೋದು. ಹಿಂದೆ ಇಲ್ಲಿದ್ದ ಕೆಲ್ಟ್ ಅನ್ನೋ ಜನರಿಗೆ ವರ್ಷದಲ್ಲಿ ನಾಲ್ಕು ದೊಡ್ಡ ಹಬ್ಬ, ಅದರಲ್ಲಿ ಇದು ಚಳಿಗಾಲ ಶುರುವಾಗುವ ಹಬ್ಬ. ಬೆಟ್ಟದ ಮೇಲೆ ಮೇಯ್ತಿದ್ದ ದನ ಕೆಳಗೆ ಬರಬೇಕು, ಬೆಳೆ ಒಳಗೆ ಸೇರಿರಬೇಕು. ಅವರಿಗೆ ದಿನ ಶುರುವಾಗ್ತಿದ್ದದ್ದು ಸೂರ್ಯ ಮುಳುಗಿದ ಮೇಲೆ, ಅದಕ್ಕೇ ಹಬ್ಬ ನವೆಂಬರ್ 1ರದ್ದಾದರೂ ಹಿಂದಿನ ಸಂಜೆಯೇ ಆರಂಭ. ಆ ರಾತ್ರಿ ನಮ್ಮ ಲೋಕಕ್ಕೂ ಆಚೆ ಲೋಕಕ್ಕೂ ನಡುವಿನ ಬಾಗಿಲು ತೆರೆದಿರುತ್ತೆ ಅನ್ನೋ ನಂಬಿಕೆ. ಸತ್ತವರು ಮನೆಗೆ ಬರ್ತಾರೆ ಅಂತ ಚಿಲಕ ಹಾಕದೆ, ಮೇಜಿನ ಮೇಲೆ ಅವರಿಗೂ ಜಾಗ ಬಿಟ್ಟು ಮಲಗೋರಂತೆ. ಬರಬಾರದವರು ಬಂದರೆ ಗುರುತು ಸಿಗದಿರಲಿ ಅಂತ ವೇಷ.

ಈಗ 2024ಕ್ಕೆ ಬರ್ತೀನಿ. ಅತ್ತೆ ತೀರ್ಥಹಳ್ಳಿ ಕಡೆಯವರು, ಆ ಸಲ ಮೂರು ತಿಂಗಳು ನಮ್ಮ ಜೊತೆ ಇದ್ದರು. ಆ ವರ್ಷ ಅಕ್ಟೋಬರ್ 31ಕ್ಕೇ ನರಕ ಚತುರ್ದಶಿ. ಬೆಳಗ್ಗೆ ಎಣ್ಣೆಸ್ನಾನ, ಸಂಜೆ ಹ್ಯಾಲೋವೀನ್, ಮಾರನೇ ದಿನ ರಾಜ್ಯೋತ್ಸವ. ಮಗ ಅಸ್ಥಿಪಂಜರದ ಬಟ್ಟೆ ಹಾಕ್ಕೊಂಡು ಕೆಳಗಿಳಿದು ಬಂದ. “ಎಂತ ಮಾರಾಯ್ತಿ ಇದು? ಹಬ್ಬದ ದಿನ, ಅದೂ ಅಮಾವಾಸ್ಯೆ ಹಿಡಿದ ಮೇಲೆ, ಮಗೂಗೆ ಹೆಣದ ವೇಷವಾ?” ಅಂದರು. ಹಬ್ಬದ ಹೆಸರು ಹೇಳಿದೆ. “ಸಾವಿನ ಹಬ್ಬವಾ!” ಅಂತ ಇನ್ನೊಂದು ಸಲ ಹೌಹಾರಿದರು.

ಸತ್ತವರಿಗೆ ಮೇಜಿನ ಮೇಲೆ ಜಾಗ ಬಿಡ್ತಿದ್ದ ವಿಷಯ ಹೇಳಿದ ಮೇಲೆ ಸ್ವಲ್ಪ ಮೆತ್ತಗಾದರು. ನಮ್ಮಲ್ಲಿ ಹಿರಿಯರಿಗೆ ಎಡೆ ಇಟ್ಟು ಬಾಗಿಲು ಮುಚ್ಚಿ ಹೊರಗೆ ಕೂರೋದಿಲ್ಲವಾ, ಅವರು ಉಣ್ಣಲಿ ಅಂತ? ಇಲ್ಲಿ ಚಿಲಕ ತೆಗೆದಿಡ್ತಿದ್ದರು, ನಾವು ಮುಚ್ತೀವಿ, ಅಷ್ಟೇ. ಮಕ್ಕಳು ಮನೆಮನೆಗೆ ಹೋಗೋದನ್ನು ಕಿಟಕಿಯಲ್ಲಿ ನೋಡ್ತಾ ಅವರೇ ಅಂದರು: “ಇದು ನಮ್ಮ ಅಂಟಿಗೆ-ಪಂಟಿಗೆ ಇದ್ದಂಗೇ ಉಂಟಲ್ಲ.” ಗೊತ್ತಿಲ್ಲದವರಿಗೆ: ಮಲೆನಾಡಲ್ಲಿ ದೀಪಾವಳಿ ರಾತ್ರಿ ಗಂಡಸರು ದೀಪ ಹಿಡಿದು, ಬಲೀಂದ್ರನ ಹಾಡು ಹೇಳ್ತಾ ಮನೆಯಿಂದ ಮನೆಗೆ ಹೋಗ್ತಾರೆ. ಮನೆಯವರು ದೀಪಕ್ಕೆ ಎಣ್ಣೆ ಎರೆದು, ಅಕ್ಕಿಯೋ ದುಡ್ಡೋ ಕೊಟ್ಟು ಕಳಿಸ್ತಾರೆ. ನಾನು ಬೆಂಗಳೂರಿನವಳು, ನನಗಿದು ಹೊಳೆದಿರಲೇ ಇಲ್ಲ.

ದೀಪದ ಮಾತು ಬಂತಲ್ಲ. ನಮ್ಮ ಮನೆಯಿಂದ ಕಾರಲ್ಲಿ ಇಪ್ಪತ್ತು ನಿಮಿಷಕ್ಕೆ ಆತ್‌ಬಾಯ್ ಊರು, ಅದರ ಪಕ್ಕ ಹಿಲ್ ಆಫ್ ವಾರ್ಡ್ ಅನ್ನೋ ಗುಡ್ಡ. ಹಳೇ ಹೆಸರು ಟ್ಲಾಖ್ಟ್‌ಗ. ದೂರದಿಂದ ನೋಡಿದರೆ ಏನೂ ಇಲ್ಲ, ಹುಲ್ಲು, ಕುರಿ. ಮೇಲೆ ಹೋದರೆ ಒಂದರೊಳಗೊಂದು ಸುತ್ತಿದ ಮಣ್ಣಿನ ದಿಬ್ಬಗಳು ಕಾಣ್ತವೆ. ಸಾವಿನ್ ರಾತ್ರಿ ದೇಶದ ಒಲೆಗಳನ್ನೆಲ್ಲ ಆರಿಸಿ, ಇಲ್ಲಿ ಹೊತ್ತಿಸಿದ ಬೆಂಕಿಯಿಂದಲೇ ಮತ್ತೆ ಹೊತ್ತಿಸಿಕೊಳ್ಳಬೇಕಿತ್ತು ಅಂತ 17ನೇ ಶತಮಾನದಲ್ಲಿ ಐರಿಷ್ ಇತಿಹಾಸಕಾರ ಜೆಫ್ರಿ ಕೀಟಿಂಗ್ ಬರೆದಿದ್ದಾನೆ. 2014ರಿಂದ ಯೂನಿವರ್ಸಿಟಿ ಕಾಲೇಜ್ ಡಬ್ಲಿನ್‌ನವರು ಅಲ್ಲಿ ಉತ್ಖನನವನ್ನೂ ಮಾಡಿದ್ದಾರೆ. ಈಗಲೂ ಊರಿನವರು ಆ ರಾತ್ರಿ ಪಂಜು ಹಿಡಿದು ಗುಡ್ಡಕ್ಕೆ ನಡೆದು ಹೋಗ್ತಾರೆ. ತಾರಾ ಗುಡ್ಡವೂ ಹತ್ತಿರವೇ, ಅಲ್ಲಿನ ಸುಮಾರು 5000 ವರ್ಷ ಹಳೆಯ ಸಮಾಧಿಯ ಓಣಿಯೊಳಗೆ ಈ ಹಬ್ಬದ ಹೊತ್ತಿನ ಸೂರ್ಯೋದಯದ ಬೆಳಕು ನೇರ ಬೀಳುತ್ತೆ. ಅಂದರೆ ಕೆಲ್ಟ್ ಜನ ಇಲ್ಲಿಗೆ ಬರುವುದಕ್ಕೂ ಮುಂಚೆಯೇ ಯಾರೋ ಈ ದಿನ ಎಣಿಸ್ತಿದ್ದರು.

ಇನ್ನು ಮನೆಯಲ್ಲಿ ಏನು ಮಾಡೋದು. ಕುಂಬಳಕಾಯಿ ಕೊರೆಯೋದು ಎಲ್ಲರಿಗೂ ಗೊತ್ತು. ಅಂಗಡಿಯಲ್ಲಿ ಸಿಗೋ ಆ ಕೆತ್ತನೆ ಕುಂಬಳಕಾಯಿ ಬರೀ ನೀರು, ಪಲ್ಯಕ್ಕೂ ಆಗಲ್ಲ, ಹುಳಿಗೂ ಆಗಲ್ಲ. ಬೀಜ ಮಾತ್ರ ಉಪ್ಪು ಖಾರ ಹಾಕಿ ಹುರಿದುಕೊಳ್ಳಿ. ಆದರೆ ಕುಂಬಳಕಾಯಿ ಬಂದದ್ದೇ ಅಮೆರಿಕದಿಂದ. ಐರ್ಲೆಂಡಲ್ಲಿ ಮೊದಲು ಕೊರೆಯುತ್ತಿದ್ದದ್ದು ಟರ್ನಿಪ್, ಮೂಲಂಗಿಯಂಥ ದುಂಡನೆ ಗೆಡ್ಡೆ. ಹಳೇ ಟರ್ನಿಪ್ ದೀಪವೊಂದರ ಅಚ್ಚುಪ್ರತಿ ಮೇಯೋ ಕೌಂಟಿಯ ಕಂಟ್ರಿ ಲೈಫ್ ಮ್ಯೂಸಿಯಂನಲ್ಲಿದೆ, ಮಕ್ಕಳಿಗೆ ತೋರಿಸಿ. ಕುಂಬಳಕಾಯಿಯ ನಗು ಅದರ ಮುಂದೆ ಏನೂ ಅಲ್ಲ, ಅದು ನಿಜವಾಗಿಯೂ ಒಣಗಿದ ಮುದುಕನ ಮುಖ. ನಾವೂ ಒಂದು ಸಲ ಮಾಡಿದೆವು. ಕಲ್ಲು, ಅಪ್ಪಟ ಕಲ್ಲು! ಎರಡು ಸ್ಟೀಲ್ ಚಮಚ ಬಗ್ಗಿದವು, ಕೊನೆಗೆ ನಮ್ಮ ಮನೆಯವರು ಡ್ರಿಲ್ ತಂದರು. ಒಳಗೆ ಮೇಣದಬತ್ತಿ ಹಚ್ಚಿದ ಹತ್ತು ನಿಮಿಷಕ್ಕೆ ಅಂಗಳದ ತುಂಬ ಮೂಲಂಗಿ ಹುಳಿ ತಳ ಹಿಡಿದ ವಾಸನೆ.

ಬಾರ್ಮ್‌ಬ್ರಾಕ್, ಅಂದರೆ ಈ ಹಬ್ಬದ ಒಣದ್ರಾಕ್ಷಿ ಬ್ರೆಡ್, ಮಾಡೋದು ಸುಲಭ. ಒಣದ್ರಾಕ್ಷಿಯನ್ನು ರಾತ್ರಿಯಿಡೀ ಗಟ್ಟಿ ಟೀ ಡಿಕಾಕ್ಷನ್‌ನಲ್ಲಿ ನೆನೆಸಿ, ಮೈದಾ, ಕಂದು ಸಕ್ಕರೆ, ಮಸಾಲೆಪುಡಿ ಸೇರಿಸಿ ಬೇಯಿಸಿ. ಇಲ್ಲಿಯವರು ಮೊಟ್ಟೆ ಹಾಕ್ತಾರೆ, ನಾನು ಮೊಸರು ಹಾಕ್ತೀನಿ. ಒಳಗೆ ಉಂಗುರ ಬಚ್ಚಿಡಬೇಕು, ಸಿಕ್ಕವರಿಗೆ ವರ್ಷದೊಳಗೆ ಮದುವೆ. ಹಿಂದೆ ನಾಣ್ಯ, ಬಟ್ಟೆ ಚೂರು, ಬಟಾಣಿ, ಕಡ್ಡಿ ಎಲ್ಲ ಇಡ್ತಿದ್ದರು: ನಾಣ್ಯಕ್ಕೆ ದುಡ್ಡು, ಬಟ್ಟೆ ಚೂರಿಗೆ ಬಡತನ. ಬಟಾಣಿ ಸಿಕ್ಕರೆ ಆ ವರ್ಷ ಮದುವೆಯಿಲ್ಲ. ಕಡ್ಡಿ ಸಿಕ್ಕರೆ ಸಂಸಾರದಲ್ಲಿ ಜಗಳ. 2024ರಲ್ಲಿ ಉಂಗುರ ಸಿಕ್ಕಿದ್ದು ಎಪ್ಪತ್ತೊಂದರ ಅತ್ತೆಗೆ. ಮಾವ ಫೋನಲ್ಲಿ ವಿಷಯ ಕೇಳಿ, “ಹಂಗಾದ್ರೆ ಟಿಕೆಟ್ ಕ್ಯಾನ್ಸಲ್ ಮಾಡಿ, ಅಲ್ಲೇ ಇರ್ಲಿ” ಅಂದರು.

ಕೆಲವು ಮನೆಗಳಲ್ಲಿ ಮಕ್ಕಳಿಗೆ ‘ಮಂಕಿ ನಟ್ಸ್’ ಅಂತ ಸಿಪ್ಪೆ ಕಡಲೆಕಾಯಿ ಹಾಕ್ತಾರೆ. ಮಕ್ಕಳು ಮುಖ ಸಿಂಡರಿಸ್ತಾರೆ, ನನಗೆ ಅದೇ ಹಬ್ಬ. ಮೊದಲ ಸಲ ಬಸವನಗುಡಿ ಪರಿಷೆ ನೆನಪಿಗೆ ಉಪ್ಪು ಹಾಕಿ ಕುಕ್ಕರಿಗಿಟ್ಟೆ. ಅದು ಮೊದಲೇ ಹುರಿದದ್ದು ಅಂತ ನಾಲ್ಕು ಸೀಟಿ ಆದಮೇಲೆ ಗೊತ್ತಾಯ್ತು.

ಪಟಾಕಿ ಬಗ್ಗೆ ಎಚ್ಚರ. ಸುರುಸುರುಬತ್ತಿಯಂಥ ಚಿಕ್ಕವು ಬಿಟ್ಟರೆ, ಲೈಸೆನ್ಸ್ ಇಲ್ಲದೆ ಪಟಾಕಿ ಇಟ್ಟುಕೊಳ್ಳೋದೇ ಇಲ್ಲಿ ಅಪರಾಧ. ಆ ರಾತ್ರಿ ಎಲ್ಲ ಕಡೆ ಢಂ ಢಂ ಕೇಳಿಸುತ್ತಲ್ಲ, ನಾವೂ ದೀಪಾವಳಿಗೆ ಹೊಡೆಯೋಣ ಅಂತ ಹೋಗಬೇಡಿ.

ಈ ಬರಹದ ಕೆಳಗೆ ಕಾಮೆಂಟಲ್ಲಿ ಬಂದ ಎರಡು ಮಾತಿಗೂ ಇಲ್ಲೇ ಉತ್ತರಿಸ್ತೀನಿ.

ಗಾಲ್ವೇಯವರು: “ನಾವು ಮಂಗಳೂರಿನವರು, ಮಗನಿಗೆ ಹುಲಿವೇಷ ಹಾಕಿಸಿದೆವು. ಪೇಂಟ್ ಹೋಗೋಕೆ ಎರಡು ದಿನ ಬೇಕಾಯ್ತು.” ಆಗ ಶಾಲೆಗೆ ಮಿಡ್‌ಟರ್ಮ್ ರಜೆ ಇರುತ್ತಲ್ಲ ಸರ್, ಚಿಂತೆ ಇಲ್ಲ. ಫೋಟೋ ಹಾಕಿ.

ಕಾರ್ಕ್‌ನಿಂದ ಒಬ್ಬ ಅಣ್ಣ: “ಎಲ್ಲದಕ್ಕೂ ನಮ್ಮಲ್ಲೂ ಹೀಗೇ ಅಂತ ಹೋಲಿಸಿಕೊಂಡು ಒಪ್ಪಿಕೊಳ್ತಾ ಹೋದರೆ, ಮಕ್ಕಳಿಗೆ ನಮ್ಮದು ಅಂತ ಏನು ಉಳಿಯುತ್ತೆ?” ನೀವು ಹೇಳೋದು ನನ್ನನ್ನೂ ಕಾಡಿದೆ ಅಣ್ಣ. ಹೋಲಿಕೆ ಅತ್ತೆಯನ್ನು ಸಮಾಧಾನ ಮಾಡೋಕೆ ಬೇಕಾಯ್ತು. ಮಕ್ಕಳಿಗೆ ಅದರ ಅಗತ್ಯ ಬೀಳಲಿಲ್ಲ, ಅವರಿಗೆ ಇದು ಅವರ ಬೀದಿಯ ಹಬ್ಬ. ನಾನು ಮಾಡಿದ್ದಿಷ್ಟೇ: ದೀಪಾವಳಿಗೂ ಅದೇ ಬೀದಿಗೆ ಬಾಗಿಲು ತೆಗೆದೆ. ಹ್ಯಾಲೋವೀನ್‌ಗೆ ಬಂದ ಮಕ್ಕಳೇ ಬಲಿಪಾಡ್ಯಮಿಗೆ ಬಂದು ಹಣತೆ ಹಚ್ಚಿ, ಚಕ್ಕುಲಿ ತಿಂದು ಹೋದರು. ಒಬ್ಬ ಹುಡುಗ ಈಗ ಬೇಕಂತಲೇ ಕೇಳ್ತಾನೆ, “ಚಕ್ಲಿ ಯಾವಾಗ?”

ಈ ವರ್ಷ ಆತ್‌ಬಾಯ್ ಗುಡ್ಡಕ್ಕೆ ಮೂರು ಮನೆಯವರು ಹೊರಟಿದ್ದೇವೆ, ಕಾರಲ್ಲಿ ಇನ್ನೆರಡು ಸೀಟಿದೆ. ಬರೋರು ವೆಲ್ಲಿಂಗ್ಟನ್ ಬೂಟ್ (ಉದ್ದನೆ ರಬ್ಬರ್ ಬೂಟ್) ಹಾಕ್ಕೊಂಡೇ ಬನ್ನಿ. ಹಿಂದೊಮ್ಮೆ ಹೋದಾಗ ಕೆಸರಲ್ಲಿ ಸಿಕ್ಕ ನನ್ನ ಒಂದು ಚಪ್ಪಲಿ ಇನ್ನೂ ಅಲ್ಲೇ ಇದೆ.