ಅಮಾವಾಸ್ಯೆ ರಾತ್ರಿ ವಾಡೆಯಲ್ಲಿ ದೆವ್ವ ಹುಡುಕುವ ವಿಚಾರ

ತಮ್ಮಾ, ನಿನ್ನ ಮೆಸೇಜ್ ನೋಡಿದೆ. ಇಂಗ್ಲೆಂಡಿನಲ್ಲಿ ಹಳೇ ಜಮೀನ್ದಾರರ ಬಂಗಲೆಗಳಲ್ಲಿ ಜನ ದುಡ್ಡು ಕೊಟ್ಟು ರಾತ್ರಿಯಿಡೀ ದೆವ್ವ ಹುಡುಕುತ್ತಾರೆ, ಈ ಅಮಾವಾಸ್ಯೆಗೆ ನಾವೂ ಹುಡುಗರೆಲ್ಲ ಸೇರಿ ರೋಣದ ಕಡೆಯ ನಮ್ಮ ಹಳೇ ವಾಡೆಯಲ್ಲಿ ಹಾಗೇ ಮಾಡುತ್ತೇವೆ, ದೆವ್ವ ಪತ್ತೆ ಮಾಡುವ ಮೀಟರ್, ದೆವ್ವದ ಮಾತು ಕೇಳಿಸುವ ಡಬ್ಬಿ ತರಿಸಿದ್ದೇವೆ, ವಿಡಿಯೋ ಯೂಟ್ಯೂಬಿಗೆ ಹಾಕುತ್ತೇವೆ ಅಂತ ಬರೆದಿದ್ದೀಯ. ವೈನಿ "ಬ್ಯಾಡೋ ಯಪ್ಪಾ" ಅಂತ ಕೆಳಗೇ ಹಾಕಿದ್ದಾರೆ. ನಾನು ಬೇಡ ಅನ್ನುವುದಿಲ್ಲ. ಸ್ವಲ್ಪ ಉದ್ದ ಆಗುತ್ತದೆ, ಪೂರ್ತಿ ಕೇಳಿ.

ಮೊದಲು ಆ ಮೀಟರ್. ಐದು ದೀಪ ಇರುವ ಕೆ-ಟೂ ತಾನೇ? ವೈರಿಂಗ್ ಕೆಲಸದಲ್ಲೇ ತಲೆ ಹಣ್ಣಾದವನು ನಾನು, ಅದು ಏನು ತೋರಿಸುತ್ತದೆ ಅಂತ ನನಗೆ ಗೊತ್ತು. ಕರೆಂಟ್ ಹರಿಯುವ ತಂತಿಯ ಸುತ್ತ ಇರುವ ಕಾಂತಕ್ಷೇತ್ರ, ಅಷ್ಟೇ. ಜೇಬಿನಲ್ಲಿ ಮೊಬೈಲ್ ಇದ್ದರೂ ಅದರ ದೀಪ ಹತ್ತಿಕೊಳ್ಳುತ್ತವೆ. ನಮ್ಮ ವಾಡೆಯ ಹಿತ್ತಲ ಮೇಲೆ ಹೊಲದ ಪಂಪುಗಳಿಗೆ ಹೋಗುವ ಲೈನ್ ಇದೆ, ನೋಡಿದ್ದೀಯಲ್ಲ. ರಾತ್ರಿ ತ್ರೀ ಫೇಸ್ ಬಂದ ಕೂಡಲೇ ಆಟೋ ಸ್ಟಾರ್ಟರ್ ಹಾಕಿದ ಪಂಪುಗಳೆಲ್ಲ ಒಂದೇ ಸಲಕ್ಕೆ ಶುರುವಾಗುತ್ತವೆ. ಆಗ ಹಿತ್ತಲ ಬಾಗಿಲಲ್ಲಿ ನಿಮ್ಮ ಮೀಟರ್ ಕೆಂಪಗಾಗುತ್ತದೆ, ನೀವು ಕೂಗಿಕೊಳ್ಳುತ್ತೀರಿ, ಅತ್ತ ಯಾರದೋ ಹೊಲಕ್ಕೆ ನೀರು ಹರಿಯುತ್ತಿರುತ್ತದೆ. ಆ ದಿನ ತ್ರೀ ಫೇಸ್ ಯಾವ ಹೊತ್ತಿಗೆ ಅಂತ ಊರಿನ ಲೈನ್‌ಮನ್ ಹತ್ತಿರ ಮೊದಲೇ ಕೇಳಿಕೊಳ್ಳಿ. ಇನ್ನು ಆ ಮಾತಾಡುವ ಡಬ್ಬಿ, ಅದು ಬರೀ ರೇಡಿಯೋ. ನಿಲ್ಲದೆ ಸ್ಟೇಷನ್ ಬದಲಿಸುತ್ತಾ ಹೋಗುತ್ತದೆ. ನೀವು "ಯಾರಿದ್ದೀರಿ" ಅಂತ ಕೇಳುವುದಕ್ಕೂ ಧಾರವಾಡ ಆಕಾಶವಾಣಿಯಲ್ಲಿ ಯಾರೋ ಗೊಬ್ಬರದ ಬಗ್ಗೆ ಅರ್ಧ ಮಾತು ಆಡುವುದಕ್ಕೂ ಸರಿಹೋದರೆ ಅದೇ ಉತ್ತರ ಆಗಿಬಿಡುತ್ತದೆ. ಫೋಟೋದಲ್ಲಿ ಬಿಳಿ ಉಂಡೆಗಳು ಬಂದರೂ ಹೆದರಬೇಡಿ. ಮಾಳಿಗೆಯ ಮಣ್ಣು ಸದಾ ಉದುರುತ್ತಿರುತ್ತದೆ, ಫ್ಲ್ಯಾಶ್ ಬಿದ್ದರೆ ಆ ಧೂಳು ಹಾಗೇ ಕಾಣುತ್ತದೆ.

ಸದ್ದಂತೂ ಬೇಕಾದಷ್ಟು ಆಗುತ್ತವೆ. ಹಗಲೆಲ್ಲ ಕಾದ ತೊಲೆ, ಜಂತಿಗಳು ರಾತ್ರಿ ಆರುತ್ತಾ ಟಕ್ ಟಕ್ ಅನ್ನುತ್ತವೆ. ಅಟ್ಟದಲ್ಲಿ ಗೂಬೆ ಇದೆ, ಅದು ಕಿರುಚಿದರೆ ದೊಡ್ಡವರಿಗೂ ಎದೆ ಝಲ್ ಅನ್ನುತ್ತದೆ. ಇಂಗ್ಲೆಂಡಿನದೇ ಒಂದು ಸಂಗತಿ ಹೇಳುತ್ತೇನೆ, ಫ್ಯಾನಿನ ವಿಷಯ ಆದ್ದರಿಂದ ನನಗೆ ಮರೆತಿಲ್ಲ. ವಿಕ್ ಟ್ಯಾಂಡಿ ಅಂತ ಒಬ್ಬ ಇಂಜಿನಿಯರ್. ರಾತ್ರಿ ಲ್ಯಾಬಿನಲ್ಲಿ ಒಬ್ಬನೇ ಕೂತಾಗ ಮೈ ಬೆವರಿ, ಕಣ್ಣಂಚಿನಲ್ಲಿ ಬೂದು ಬಣ್ಣದ ಆಕಾರ ಕಂಡಿತಂತೆ. ಮರುದಿನ ಅವನು ವೈಸ್‌ಗೆ ಬಿಗಿದಿಟ್ಟ ಕತ್ತಿವರಸೆ ಆಟದ ಕತ್ತಿಯ ಅಲಗು ತಾನಾಗೇ ನಡುಗಿತು. ಹುಡುಕಿದರೆ ಹೊಸದಾಗಿ ಕೂರಿಸಿದ್ದ ಒಂದು ಫ್ಯಾನು. ನಮ್ಮ ಕಿವಿಗೆ ಸುಮಾರು 20 ಹರ್ಟ್ಸ್‌ಗಿಂತ, ಅಂದರೆ ಸೆಕೆಂಡಿಗೆ 20 ಕಂಪನಕ್ಕಿಂತ, ಕೆಳಗಿನ ಸದ್ದು ಕೇಳುವುದಿಲ್ಲ, ಅದು 19ರ ಹತ್ತಿರ ಗುನುಗುತ್ತಿತ್ತು. ಅದಕ್ಕೇ ಹಾಗಾಯಿತು ಅಂತ 1998ರಲ್ಲಿ ಲೇಖನವನ್ನೇ ಬರೆದ. ಎಲ್ಲ ದೆವ್ವಕ್ಕೂ ಫ್ಯಾನೇ ಕಾರಣ ಅಂತ ನಾನು ಹೇಳುತ್ತಿಲ್ಲ. ಹೆದರಿದ ಮೇಲೂ ಮರುದಿನ ಹೋಗಿ ನೋಡಿದನಲ್ಲ, ಆ ಬುದ್ಧಿ ನಿಮಗಿರಲಿ.

ಈಗ ಮುಖ್ಯ ಮಾತು. ವೈನಿ, ನೀವೂ ಕೇಳಿ.

ನೀವು ಹುಡುಕಲು ಹೊರಟಿರುವುದು ಯಾರನ್ನು? ನಡುಮನೆಯ ಎಡಕ್ಕಿರುವ ಮುಚ್ಚಿದ ಕೋಣೆಯ "ಸೊಸೆ"ಯನ್ನು, ಅಲ್ವಾ? ಗಂಡನ ಮನೆಯವರು ಕೂಡಿ ಹಾಕಿ ಕೊಂದರು, ಅವಳೇ ಓಡಾಡುತ್ತಾಳೆ ಅಂತ ಊರಲ್ಲಿ ಹೇಳುತ್ತಾರೆ. ಇಂಗ್ಲೆಂಡಿನಲ್ಲಿ ನಾರ್ಫೋಕ್ ಅನ್ನುವ ಕಡೆ ರೇನ್‌ಹ್ಯಾಮ್ ಹಾಲ್ ಇದೆ. 1936ರಲ್ಲಿ ಅಲ್ಲಿನ ಮೆಟ್ಟಿಲ ಮೇಲೆ ತೆಗೆದ ದೆವ್ವದ ಫೋಟೋ ಭಾರೀ ಹೆಸರಾಯಿತು. ಅಲ್ಲಿಯೂ ಸೊಸೆಯೇ! ಡೊರೊಥಿ ವಾಲ್‌ಪೋಲ್ ಅಂತ. ಗಂಡ ಕೂಡಿ ಹಾಕಿದ್ದ ಅಂತ ಕಥೆ. ದಾಖಲೆಯಲ್ಲಿ ಇರುವುದು 1726ರಲ್ಲಿ ಸಿಡುಬಿನಿಂದ ಸತ್ತಳು ಅಂತ.

ನಮ್ಮ ಮನೆಯದೂ ರೋಗವೇ. ನಮ್ಮ ಆಯಿ ಹೇಳುತ್ತಿದ್ದರು, ಅದು ಪ್ಲೇಗಿನ ಕಾಲ. 1898ರಲ್ಲಿ ಹುಬ್ಬಳ್ಳಿಯಲ್ಲಿ ಪ್ಲೇಗ್ ಎಷ್ಟು ಜೋರಾಗಿತ್ತೆಂದರೆ ಹಾಫ್‌ಕಿನ್ ಅನ್ನುವ ವಿಜ್ಞಾನಿ ಕಂಡುಹಿಡಿದ ಲಸಿಕೆಯನ್ನು ಸಾವಿರಾರು ಜನರಿಗೆ ಹಾಕಿದರು. ಆಮೇಲೂ ಈ ಕಡೆ ಎಷ್ಟೋ ವರ್ಷ ಬರುತ್ತಾ ಹೋಗುತ್ತಾ ಇತ್ತು. ಇಲಿ ಬಿತ್ತು ಅಂದರೆ ಊರಿಗೆ ಊರೇ ಹೊಲಕ್ಕೆ ಹೋಗಿ ಗುಡಿಸಲು ಹಾಕುತ್ತಿತ್ತು. ನಮ್ಮವರು ಹೊರಟಾಗ ಆ ಹುಡುಗಿಗೆ ಆಗಲೇ ಜ್ವರ, ತೊಡೆಸಂದಿಯಲ್ಲಿ ಗಡ್ಡೆ. ಅವಳು ಆ ಕೋಣೆಯಲ್ಲಿ ಸತ್ತಳು. ವಾಪಸ್ ಬಂದ ಮೇಲೆ ಸುಣ್ಣ ಬಳಿದು, ಬಾಗಿಲು ಹಾಕಿ, ಹೊರಗಿನಿಂದ ಮಣ್ಣು ಮೆತ್ತಿದರು. ಮೆತ್ತಿದ ಬಾಗಿಲು ನೋಡಿದ ಮುಂದಿನ ತಲೆಮಾರು ಒಂದು ಕಥೆ ಕಟ್ಟಿತು. ಚೌಕಟ್ಟಿನ ಬಲಗಡೆ ಕೈಯಾಡಿಸಿ ನೋಡು, ಮಣ್ಣಿನ ಮೇಲೆ ಮೂರು ಬೆರಳಿನ ಗುರುತು ಇನ್ನೂ ಇದೆ. ಮೆತ್ತಿದವರದು, ದೆವ್ವದ್ದಲ್ಲ.

ಅವಳಿಗೆ ಆಗ ಎಷ್ಟು ವಯಸ್ಸೋ, ಮದುವೆಯಾಗಿ ಬಂದು ಬಹಳ ದಿನವೂ ಆಗಿರಲಿಲ್ಲವಂತೆ. ಅವಳನ್ನು ಹಿಂದೆ ಬಿಟ್ಟು ಹೋದದ್ದು ನಮ್ಮದೇ ಮನೆಯವರು, ಅದನ್ನು ನಾನು ಮುಚ್ಚಿಡುವುದಿಲ್ಲ. ಆದ್ದರಿಂದ ಕತ್ತಲಲ್ಲಿ ಕೂತು "ಬಾ, ಬಂದು ಮೀಟರಿನ ದೀಪ ಹತ್ತಿಸು" ಅಂತ ಅವಳನ್ನು ಕರೆದು ನಗುವುದು ನನಗೆ ಸೇರುವುದಿಲ್ಲ. ವಿಡಿಯೋಗೆ "ಸೇಡಿನ ಸೊಸೆ" ಅಂತ ತಲೆಬರಹ ಕೊಟ್ಟರೆ ನಾನೇ ರಿಪೋರ್ಟ್ ಹೊಡೆಯುತ್ತೇನೆ, ಸಿಟ್ಟಾಗಬೇಡ. ಬೇಕಾದರೆ ಪ್ಲೇಗಿನ ಕಥೆಯನ್ನೇ ಹೇಳಿ, ಅದೇನು ಕಡಿಮೆ ಭಯದ್ದಾ?

ಕೊನೆಗೆ ಹಗೇವಿನ, ಅಂದರೆ ಕಾಳು ತುಂಬಿಡುವ ನೆಲದೊಳಗಿನ ಗುಂಡಿಯ ವಿಷಯ. ಇದು ತಮಾಷೆಯಲ್ಲ. ಅಂಗಳದಲ್ಲಿ ಕಲ್ಲು ಮುಚ್ಚಿದ ಜೋಳದ ಹಗೇವು ಇದೆ, ಅದರೊಳಗೆ ಯಾರೂ ಇಳಿಯಬೇಡಿ. ವರ್ಷಗಟ್ಟಲೆ ಮುಚ್ಚಿದ ಹಗೇವಿನಲ್ಲಿ ಉಸಿರಾಡುವ ಗಾಳಿ ಇರುವುದಿಲ್ಲ. ಇಳಿದವನೂ ಸಾಯುತ್ತಾನೆ, ಎತ್ತಲು ಹೋದವನೂ ಸಾಯುತ್ತಾನೆ. ಹಿಂದಿನವರು ಮೊದಲು ದೀಪ ಇಳಿಬಿಟ್ಟು ನೋಡುತ್ತಿದ್ದರು, ಆರಿದರೆ ಆ ದಿನ ಇಳಿಯುತ್ತಿರಲಿಲ್ಲ. ಮಾಳಿಗೆಯ ಮೂಲೆ ಗೆದ್ದಲು ತಿಂದು ಟೊಳ್ಳಾಗಿದೆ, ಮೇಲೆ ಹತ್ತಬೇಡಿ. ಚಪ್ಪಲಿ ಅಲ್ಲ, ಬೂಟು ಹಾಕಿಕೊಳ್ಳಿ, ಚೇಳು ಜಾಸ್ತಿ. ಒಬ್ಬೊಬ್ಬರಿಗೂ ಒಂದೊಂದು ಬ್ಯಾಟರಿ ಲೈಟು ಇರಲಿ. ಸಂಜೆ ಐದರ ಒಳಗೆ ಬಂದರೆ ಬೆಳಕಿದ್ದಾಗಲೇ ಎಲ್ಲ ತೋರಿಸುತ್ತೇನೆ. ರಾತ್ರಿ ನಾನೂ ಅಲ್ಲೇ ಪಡಸಾಲೆಯಲ್ಲಿ ಮಲಗುತ್ತೇನೆ, ನನ್ನ ಗೊರಕೆಯನ್ನು ಮಾತ್ರ ರೆಕಾರ್ಡ್ ಮಾಡಿ ಹಾಕಬೇಡಿ.